ಹುಣಸೆ ಮರದವರೆಗಿನ ಕಾಯಿಲ್

ನಮ್ಮ ಅಡುಗೆಮನೆಯ ಕಿಟಕಿಗೆ ಕೊಂಡಿಯಿಲ್ಲ. ಗಾಳಿಗೆ ಅದು ಬಡಿದುಕೊಳ್ಳದಂತೆ ಕಾಯುತ್ತಿದ್ದುದು ಪುಟ್ಟ ಉಪ್ಪಿನಕಾಯಿ ಜಾಡಿಯಷ್ಟಿರುವ, ಕಪ್ಪು ಟೊಪ್ಪಿಗೆ ತೊಟ್ಟ ಲೋಹದ ಡಬ್ಬಿ, ಅಂದರೆ ನನ್ನಪ್ಪನ ಕಾಲದ ಕಾರಿನ ಇಗ್ನಿಷನ್ ಕಾಯಿಲ್. ಬ್ಯಾಟರಿಯ ಬಡಪಾಯಿ ವಿದ್ಯುತ್ತಿಗೆ ಕಿಡಿ ಹಾರಿಸುವಷ್ಟು ಕಸುವು ತುಂಬುವುದು ಅದರ ಕಸುಬಾಗಿತ್ತು. ಆಮೇಲೆ ನನ್ನಂತೆಯೇ ನಿವೃತ್ತಿ ಹೊಂದಿ, ನನ್ನಂತೆಯೇ ಹೆಂಡತಿ ಹೇಳಿದ ಜಾಗದಲ್ಲಿ ಕುಳಿತಿತ್ತು.

ಹೆಂಡತಿ ವಿಮಲಳ ತವರು ಸಾದಲಿ. ಅಲ್ಲಿ ರೇಷ್ಮೆಹುಳು ಹಣ್ಣಾದಾಗ ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡಲು ಕೈಗಳು ಸಾಲವು, ಹುಳುಗಳು ಯಾರಿಗೂ ಕಾಯುವುದೂ ಇಲ್ಲ. ಹಾಗಾಗಿ ಕರೆ ಬಂದೊಡನೆ ಶಿಡ್ಲಘಟ್ಟದಿಂದ ನಾವು ಹೊರಡಬೇಕು. ಹೊರಡುತ್ತಿದ್ದೆವು ಕೂಡ. ಆದರೆ ದಾರಿಯಲ್ಲೊಂದು ಹುಣಸೆ ಮರವಿದೆ, ಅದರಡಿಯಲ್ಲಿ ಕುಂಕುಮ ಬಳಿದ ಮುನಿಯಪ್ಪನ ಕಲ್ಲಿದೆ, ಮತ್ತು ನಮ್ಮ ಕಾರು ತಪ್ಪದೆ ಅದರ ಎದುರಿಗೇ ಬಂದು ನಿಟ್ಟುಸಿರಿಟ್ಟು ನಿಲ್ಲುತ್ತಿತ್ತು. ವಿಮಲ ಇಳಿದು ತೆಂಗಿನಕಾಯಿ ಒಡೆಯುವಳು. ಮೇಕೆ ಮೇಯಿಸುವ ಅಜ್ಜಿಯೊಬ್ಬರು ಬಂದು ಹೋಳು ಹಂಚಿಕೊಳ್ಳುವರು. ಮಾತು ಸಾಗುವುದು. ಆಮೇಲೆ ಕೀಲಿ ತಿರುಗಿಸಿದರೆ ಕಾರು ಏನೂ ಆಗದಂತೆ ಹೊರಡುವುದು.

"ಮುನಿಯಪ್ಪಂಗೆ ನಿಮ್ ಕಾರಂದ್ರೆ ಇಷ್ಟ ಕಣಮ್ಮ, ಅದಕ್ಕೇ ಇಡ್ಕೊಂತಾನೆ," ಎನ್ನುತ್ತಿದ್ದರು ಅಜ್ಜಿ.

ನಾನು ದೇವರನ್ನು ನಂಬದವನಲ್ಲ, ಆದರೆ ಆತ ಬಾನೆಟ್ಟಿನೊಳಗೆ ಕೈ ಹಾಕುತ್ತಾನೆಂದರೆ ಒಪ್ಪಲಾರೆ. ಒಂದು ದಿನ ಮನೆಯಲ್ಲೇ ಬೆಳಗಿನ ತಂಪಿನಲ್ಲಿ ಕಾಫಿ ಕುಡಿದು ಕಾಯಿಲ್ ಪರೀಕ್ಷಿಸಿದೆ. ಕಿಡಿ ಸೊಗಸಾದ ನೀಲಿ. ಹಾಗಾದರೆ ಕಳ್ಳ ಬೇರೆಯವನೆಂದು ಪೆಟ್ರೋಲನ್ನು, ಪಂಪನ್ನು, ಕೊನೆಗೆ ರಸ್ತೆಯನ್ನೂ ಬೈದೆ. ಅಷ್ಟರಲ್ಲಿ ಒಮ್ಮೆ ನಾವು ತಲುಪುವ ಹೊತ್ತಿಗೆ ಸಾದಲಿಯಲ್ಲಿ ಕೆಲಸವೇ ಮುಗಿದುಹೋಗಿ, ಭಾವಮೈದುನ ಮುಖ ತಿರುಗಿಸಿಕೊಂಡ.

"ಇನ್ನೊಂದ್ಸಲ ದಾರೀಲಿ ನಿಂತ್ರೆ ಗುಜರಿಗೆ ಹಾಕ್ಬಿಡಿ. ಬಸ್ಸಲ್ಲಿ ಹೋಗಣ," ಎಂದಳು ವಿಮಲ. ಅಪ್ಪನ ಕಾರನ್ನು ಗುಜರಿಗೆ ಹಾಕಲು ನಾನು ತಯಾರಿರಲಿಲ್ಲ.

ಆ ಇನ್ನೊಂದು ಸಲವೂ ಬಂತು. ಕಾರು ಹುಣಸೆ ಮರದಡಿ ನಿಂತಿತು. ಕಾಯಿ ಒಡೆಯುವ ಮೊದಲೇ ನಾನು ಬಾನೆಟ್ ಎತ್ತಿ ಕಾಯಿಲನ್ನು ಮುಟ್ಟಿದರೆ ರೊಟ್ಟಿಯ ಹೆಂಚಿನಂತೆ ಸುಡುತ್ತಿತ್ತು. ಅದರ ವೈರನ್ನು ಒಣ ಕಡ್ಡಿಗೆ ಕಟ್ಟಿ ಎಂಜಿನ್ನಿನ ಕಬ್ಬಿಣದ ಸಮೀಪ ಹಿಡಿದು, ಕೀಲಿ ತಿರುಗಿಸೆಂದು ವಿಮಲಳಿಗೆ ಹೇಳಿದೆ. ಕಿಡಿ ಪೇಲವವಾಗಿ ಮಿನುಗಿ ಸತ್ತಿತು. ಪೂಜೆ, ಹೋಳು, ಮಾತು ಎಲ್ಲ ಮುಗಿದ ಮೇಲೆ ನೋಡಿದರೆ ಮತ್ತೆ ಅದೇ ನೀಲಿ. ಆ ಮರದವರೆಗೆ ಬರುವಷ್ಟರಲ್ಲಿ ಕಾಯಿಲ್ ಕಾದು ಸೋಲುತ್ತಿತ್ತು, ಮುನಿಯಪ್ಪನ ಪೂಜೆಯಾಗುವಷ್ಟರಲ್ಲಿ ಆರಿ ಚೇತರಿಸಿಕೊಳ್ಳುತ್ತಿತ್ತು. ತಂಪಿನಲ್ಲಿ ಪರೀಕ್ಷಿಸಿದರೆ ಯಾರು ತಾನೇ ಫೇಲಾಗುತ್ತಾರೆ ಹೇಳಿ.

ಚಿಂತಾಮಣಿಗೆ ಹೋಗಿ ಹೊಸ ಕಾಯಿಲ್ ತಂದೆ. "ಹಳೇದು ಬಿಸಾಕ್ಬೇಡಿ ಸಾರ್, ದಾರೀಲಿ ಎಲ್ಲಾದ್ರೂ ಬೇಕಾಗ್ತದೆ," ಎಂದರು ಅಂಗಡಿಯ ಭಾಯಿ. ನಾನು ನಕ್ಕು, ಅದನ್ನು ವಿಮಲ ಹೇಳಿದಂತೆ ಅಡುಗೆಮನೆಯ ಕಿಟಕಿಗೆ ಒತ್ತಾಗಿಟ್ಟೆ.

ಮುಂದಿನ ಸಲ ಕಾರು ಹುಣಸೆ ಮರವನ್ನು ದಾಟಿಕೊಂಡು ಹೋಯಿತು. ಗೆದ್ದೆನೆಂದು ಹಾರನ್ ಬಾರಿಸಿದೆ. ಕನ್ನಡಿಯಲ್ಲಿ ನೋಡಿದರೆ ಅಜ್ಜಿ ಅರ್ಧ ಎದ್ದು, ಕೈಯನ್ನು ಹಣೆಗೆ ಅಡ್ಡ ಹಿಡಿದು ನಮ್ಮನ್ನೇ ನೋಡುತ್ತಿದ್ದರು. ವಿಮಲಳ ಮಡಿಲಲ್ಲಿ ತೆಂಗಿನಕಾಯಿ ಹಾಗೇ ಇತ್ತು. ಸಾದಲಿಗೆ ಬೇಗ ತಲುಪಿದೆವು, ಭಾವಮೈದುನ ಹಲ್ಲು ಬಿಟ್ಟ, ಹುಳುಗಳೆಲ್ಲ ಸಕಾಲಕ್ಕೆ ಚಂದ್ರಿಕೆ ಸೇರಿದವು. ಆದರೂ ಏನೋ ಕಡಿಮೆಯಾಗಿತ್ತು. ಮನೆಯಲ್ಲಿ ಟಿವಿ, ಮೊಬೈಲು, ಕುಕ್ಕರುಗಳ ನಡುವೆ ನಮ್ಮಿಬ್ಬರ ಮಾತೆಂದರೆ ಹಾಲು ಬಂತೇ, ನೀರು ಬಂತೇ ಎಂಬಷ್ಟೇ. ಅವಳ ಬಾಲ್ಯ, ನನ್ನ ಅಪ್ಪನ ಸಿಟ್ಟು, ನಮ್ಮ ಮದುವೆಯ ಊಟಕ್ಕೆ ಸಾರು ಸಾಲದೇ ಹೋದದ್ದು, ಇವೆಲ್ಲ ನೆನಪಾಗುತ್ತಿದ್ದುದು ಕಾರು ಕೆಟ್ಟು ನಿಂತಾಗಲೇ. ಕಾರು ರಿಪೇರಿಯಾದದ್ದಕ್ಕೆ ನನಗೆ ನಿಜವಾಗಿಯೂ ಬೇಸರವಾಯಿತು, ಗೆಳೆಯರೇ, ನಗಬೇಡಿ.

ನಿನ್ನೆ ಸಾದಲಿಯಿಂದ ಮತ್ತೆ ಕರೆ ಬಂತು, ಈ ಸಲ ಹಬ್ಬದೂಟಕ್ಕೆ. ಬೆಳಿಗ್ಗೆ ಹೊರಡುವಾಗ ಅಡುಗೆಮನೆಯ ಕಿಟಕಿ ದಬದಬ ಬಡಿದುಕೊಳ್ಳುತ್ತಿತ್ತು. ವಿಮಲಳ ಬುಟ್ಟಿಯಲ್ಲಿ ತೆಂಗಿನಕಾಯಿ, ಅದರ ಪಕ್ಕದಲ್ಲಿ ಒರೆಸಿ ಇಟ್ಟ ಹಳೆಯ ಕಾಯಿಲ್.

"ರೀ, ಇದನ್ನೇ ಹಾಕಿ," ಎಂದಳು.

"ಅದು ಹುಣಸೆ ಮರದವರೆಗಷ್ಟೇ ಬರೋದು ಕಣೇ," ಎಂದೆ.

"ಅಷ್ಟು ಬಂದ್ರೆ ಸಾಕು," ಎಂದಳು.