ಪೇಟಾ ಮತ್ತು ಗಿಲಿಗಿಲಿ ಚೆಂಡು

ಅವರು ರಾಯಬಾಗದ ನಮ್ಮ ಕಚೇರಿಯ ಟೆಲಿಫೋನ್ ಆಪರೇಟರ್. ಅಂಧರ ಏಕದಿನ ಕ್ರಿಕೆಟ್‌ನಲ್ಲಿ ದೇಶಕ್ಕೆ ಆಡಿ ಬಂದವರು. ಯಾರಾದರೂ ಸದ್ದಿಲ್ಲದೆ ಎದುರು ನಿಂತರೆ ಮುಖ ಓರೆ ಮಾಡಿ, ಬಲಗಿವಿಯನ್ನು ಮುಂದೆ ತಂದು, "ಸಪ್ಪಳ ಮಾಡ್ರಿ, ಯಾರದೀರಿ ಹೇಳ್ತೀನಿ" ಎನ್ನುತ್ತಿದ್ದರು. ಒಮ್ಮೆ ಕೆಮ್ಮಿದರೂ ಸಾಕು, ಹೆಸರು ಹಿಡಿದು ಕರೆಯುತ್ತಿದ್ದರು.

ನಮ್ಮೂರು ಉಗಾರ ಬುದ್ರುಕದ ಪಂದ್ಯಾವಳಿಯ ಉದ್ಘಾಟನೆಗೆ ಅವರನ್ನು ಒಪ್ಪಿಸಿ ಕರೆದೊಯ್ದವನು ನಾನೇ. ನಮ್ಮ ಕಡೆ ಪೇಟಾ ಸುತ್ತದೆ ಸತ್ಕಾರ ಮುಗಿಯುವುದಿಲ್ಲ. ಸುತ್ತಿದರು, ಬಿಗಿಯಾಗಿ. ಆಮೇಲೆ ಊರ ಹುಡುಗರು ಅವರ ಕೈಗೆ ಬ್ಯಾಟು ಕೊಟ್ಟು, ಅವರೇ ತಂದಿದ್ದ, ಒಳಗೆ ಗುಂಡುಗಳಿದ್ದು ಗಿಲಿಗಿಲಿ ಎನ್ನುವ ಚೆಂಡನ್ನು ನೆಲದ ಮೇಲೆ ಉರುಳುವಂತೆ ಎಸೆದರು. ಆ ಸದ್ದು ಹಿಡಿದೇ ಅವರು ಹೊಡೆಯಬೇಕು. ಮೊದಲನೆಯದು ತಪ್ಪಿತು, ಎರಡನೆಯದೂ ತಪ್ಪಿತು. ಮೂರನೆಯದು ಕಾಲಿಗೆ ಬಡಿಯಿತು.

"ಇಂವಾ ಖರೇನ ದೇಶಕ್ಕ ಆಡ್ಯಾನೇನ್ಲೇ?" ಎಂದು ಹಿಂದೆ ಯಾರೋ ಕೇಳಿದರು. ನನಗೆ ತಲೆ ಎತ್ತಲಾಗಲಿಲ್ಲ.

ಅವರು ಎಂದಿನಂತೆ ಮುಖ ಓರೆ ಮಾಡಿದಾಗಲೇ ನನಗೆ ಕಂಡದ್ದು: ಪೇಟಾ ಎರಡೂ ಕಿವಿಗಳನ್ನು ಮುಚ್ಚಿತ್ತು. ಓಡಿಹೋಗಿ ಮೇಲಕ್ಕೆ ಸರಿಸಿದೆ. ಮುಂದಿನ ಚೆಂಡಿಗೆ ಅವರು ಮೊಣಕಾಲೂರಿ ಬ್ಯಾಟು ಬೀಸಿದರು. ಅದು ಗಿಲಿಗಿಲಿ ಎನ್ನುತ್ತಲೇ ಕಬ್ಬಿನ ಹೊಲ ಸೇರಿತು. ನನಗೆ ಹೋದ ಜೀವ ಬಂದಂತಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ, "ಪೇಟಾ ಸಡ್ಲ ಮಾಡ್ರಿ ಅನ್ನಬೇಕಿತ್ತಲ್ರಿ ಸರ" ಎಂದೆ.

ಅವರು ಕಿವಿ ಸವರಿಕೊಂಡು ನಕ್ಕರು. "ಪೇಟಾದ್ದು ನನಗೂ ಹೊಳೀಲಿಲ್ಲೋ ತಮ್ಮಾ. ಕಿವೀನೂ ಹೋದುವು ಅನ್ಕೊಂಡು ನಿಂತಿದ್ದೆ."