ಹಗೇವಿನ ಬಾಯಿಯ ಕಲ್ಲು

ನನಗೆ ಹಾವಿನ ಭಯವಿಲ್ಲ, ಕತ್ತಲೆಯ ಭಯವೂ ಇಲ್ಲ. ಬಟ್ಟೆ ಒಗೆಯುವ ಕಲ್ಲು ಕಂಡರೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಬೈರಿದೇವರಕೊಪ್ಪದ ನಮ್ಮ ಮನೆಯ ಹಿಂದೆ ಅಂಥದೊಂದಿತ್ತು. ಹೋದ ವರ್ಷ ತೆಗೆಸಿಹಾಕಿದೆ. ಮನೆಯವರು ನಕ್ಕರು. ನಗಲಿ.

ನನ್ನ ಕೆಲಸ ಕಲ್ಲು ನೋಡುವುದು. ಅಣುವಿದ್ಯುತ್ ಸ್ಥಾವರದಲ್ಲಿ ಉಳಿಯುವ ಕಸ ಸಾವಿರಾರು ವರ್ಷ ವಿಷ ಕಾರುತ್ತಲೇ ಇರುತ್ತದೆ. ಅದನ್ನು ನೆಲದ ಆಳದಲ್ಲಿ ಹೂಳುವುದಾದರೆ ಎಂಥ ಕಲ್ಲು ಬೇಕು ಎಂಬುದು ನಮ್ಮ ತಂಡದ ಅಧ್ಯಯನ. ಶೇಲ್ ಎಂಬ ಕಲ್ಲಿದೆ. ಕೆಸರು ಪದರು ಪದರಾಗಿ ಕೂತು, ಒತ್ತಡಕ್ಕೆ ಸಿಕ್ಕು ಕಲ್ಲಾದದ್ದು. ನೀರನ್ನು ಸುಲಭಕ್ಕೆ ದಾಟಗೊಡುವುದಿಲ್ಲ. ನೀರು ದಾಟದಿದ್ದರೆ ವಿಷವೂ ದಾಟುವುದು ಕಷ್ಟ. ಧಾರವಾಡದ ಸುತ್ತಲಿನ ಹಳೆಯ ಶೇಲನ್ನು ಬೇರೆ ಕಡೆಯದರ ಜೊತೆ ಹೋಲಿಸಿ ನೋಡಲು ನಮಗೆ ತುಂಡುಗಳು ಬೇಕಿದ್ದವು. ಇಲ್ಲಿ ಏನನ್ನೂ ಹೂಳುವ ವಿಚಾರ ಯಾರಿಗೂ ಇರಲಿಲ್ಲ.

ಹೆಬ್ಬಳ್ಳಿ ದಾಟಿ ಮುಂದಿನ ಒಂದು ಹಳ್ಳಿ. ಒಂದು ಮನೆಯವರು ಹಿತ್ತಲಲ್ಲಿ ಕೊರೆಯಲು ಒಪ್ಪಿದರು. ಗಂಡಸರು ಹೊಲಕ್ಕೆ ಹೋಗಿದ್ದರು. ಮನೆಯಲ್ಲಿ ಒಬ್ಬ ಮುದುಕಿ, ಆಕೆಯ ಸೊಸೆ, ತೊಟ್ಟಿಲಲ್ಲಿ ಸೊಸೆಯ ಕೂಸು. ನಮ್ಮವರು ಕೊರೆಯುವ ಯಂತ್ರ ಜೋಡಿಸುವಷ್ಟು ಹೊತ್ತು ನಾನು ಅಲ್ಲಿದ್ದ ಒಗೆಯುವ ಕಲ್ಲಿನ ಮೇಲೆ ಕೂತು ಮೌಲ್ಯಮಾಪನದ ಪಟ್ಟಿ ತುಂಬುತ್ತಿದ್ದೆ. ಅದರಲ್ಲೊಂದು ಪ್ರಶ್ನೆ: ಕಸ ಹೂಳಿದ ಜಾಗವನ್ನು ಮುಂದೆಂದೋ ಜನ ತಿಳಿಯದೆ ಅಗೆದಾರೇ? ನಾನು ಬರೆದೆ: "ಸಾಧ್ಯತೆ ತೀರ ಕಡಿಮೆ. ಮೇಲೆ ಗುರುತಿನ ಕಲ್ಲು ಇಟ್ಟರೆ ಸಾಕು." ಬರೆದು, ಸೊಸೆ ಕೊಟ್ಟ ಚಹಾ ಕುಡಿದೆ.

ಅಷ್ಟರಲ್ಲಿ ಯಂತ್ರದ ಒಂದು ಕಾಲು ಸಟ್ಟನೆ ನೆಲದಲ್ಲಿ ಇಳಿಯಿತು. ಕೆಳಗೆ ಪೊಳ್ಳು. ಮಣ್ಣು ಕುಸಿದು ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ ತೆರೆಯಿತು. ಪಕ್ಕದಲ್ಲಿದ್ದ, ನಟ್ಟು ತಿರುಗಿಸುವ ದೊಡ್ಡ ಪಾನಾ ಅದರೊಳಗೆ ಬಿತ್ತು. ಕೊರೆಯುವವನು ಕಮರಿಪೇಟೆಯವನು, ಕೆಲಸದಲ್ಲಿ ಪಳಗಿದವನು.

"ಪಾನಾ ಇಲ್ಲಂದ್ರ ಕೆಲಸ ನಡ್ಯಾಂಗಿಲ್ರಿ ಅಕ್ಕಾರ. ಇಳದ ತರ್ಲೇನ್ರಿ?" ಎಂದ.

ಬ್ಯಾಟರಿ ಹಾಕಿ ನೋಡಿದೆ. ಎರಡಾಳು ಆಳ. ಗೋಡೆಯಲ್ಲಿ ಬಿರುಕಿಲ್ಲ, ತಳದಲ್ಲಿ ನೀರಿಲ್ಲ. ವರ್ಷಗಟ್ಟಲೆ ಕಲ್ಲು ನೋಡಿದ ಕಣ್ಣು, ಕಲ್ಲನ್ನಷ್ಟೇ ನೋಡಿತು.

"ಗ್ವಾಡಿ ಗಟ್ಟಿ ಐತಿ. ಇಳೀಪಾ" ಎಂದೆ.

ಸೊಂಟಕ್ಕೆ ಹಗ್ಗ ಕಟ್ಟಿಕೊಂಡದ್ದು ಅವನ ಬುದ್ಧಿ, ನನ್ನದಲ್ಲ. ಇಳಿಯುವಾಗ ಮಾತಾಡುತ್ತಲೇ ಇದ್ದ. "ಧಗಿ ಭಾಳ ಐತ್ರಿ ಒಳಗ" ಎಂದ. ಪಾನಾ ಎತ್ತಲು ಬಾಗಿದ. ಮತ್ತೆ ಮೇಲೇಳಲಿಲ್ಲ.

ಕೂಗಿದೆ. ಉತ್ತರವಿಲ್ಲ. ಹಗ್ಗ ಹಿಡಿದಿದ್ದ ಇಬ್ಬರಲ್ಲಿ ಒಬ್ಬ ತಾನೂ ಇಳಿಯಲು ಹೊರಟ. ಅವನಿಗೂ ನಾನು "ಲಗೂ ಇಳಿ" ಎಂದೆ, ಸುಳ್ಳೇಕೆ ಹೇಳಲಿ. ಆಗ ಹಿತ್ತಲ ಬಾಗಿಲಿಂದ ಮುದುಕಿ ಚೀರಿಕೊಂಡು ಬಂದಳು.

"ಇಳೀಬ್ಯಾಡೋ! ಹಗೇವ ಅದು! ದೀಪಾ ಬಿಟ್ಟು ನೋಡಿದ್ರೇನ? ಇನ್ನೊಬ್ಬ ಇಳದ್ರ ಎರಡ ಹೆಣಾ ತಗೀಬೇಕಾಗತೈತಿ. ಹಗ್ಗಾ ಜಗ್ರಿ, ಜಗ್ರಿ!"

ಹಗೇವು ಎಂದರೆ ಹಿಂದಿನವರು ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಮುಚ್ಚಿಟ್ಟ ಗಾಳಿ ಒಳಗೆ ಕೆಟ್ಟು ವಿಷವಾಗಿರುತ್ತದೆ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಇದೇನು ನನಗೆ ಗೊತ್ತಿಲ್ಲದ್ದಲ್ಲ, ಅಜ್ಜಿಯ ಬಾಯಲ್ಲಿ ಎಷ್ಟು ಸಲ ಕೇಳಿದ್ದೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ನನ್ನ ಮುಕ್ಕಾಲು ಅಂದು ಎಲ್ಲಿಗೆ ಹೋಗಿತ್ತೋ!

ಜಗ್ಗಿದೆವು. ಹೊರಬಂದಾಗ ಅವನ ಮುಖಕ್ಕೆ ಬೂದಿಯ ಬಣ್ಣ. ನೆಲಕ್ಕೆ ಮಲಗಿಸಿ ಒಬ್ಬ ಎದೆ ಒತ್ತತೊಡಗಿದ. ಇಳಿಯುವ ಮುನ್ನ ಅವನು ಬಿಟ್ಟಿದ್ದ ಚಪ್ಪಲಿ ಕೈಯಲ್ಲಿ ಹಿಡಿದು ನಾನು ಕೂತಿದ್ದೆ. ಇವನ್ನು ಅವನ ಹೆಂಡತಿಯ ಕೈಗೆ ಹೇಗೆ ಕೊಡಲಿ ಎಂಬುದೊಂದೇ ತಲೆಯಲ್ಲಿ. ಅಷ್ಟು ಭಯವನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಕೊನೆಗೊಮ್ಮೆ ಕೆಮ್ಮಿದ. ಜೀಪಿನಲ್ಲಿ ಹಾಕಿ ಧಾರವಾಡದ ಆಸ್ಪತ್ರೆಗೆ ಕಳಿಸಿದೆವು. ನಾಲ್ಕು ದಿನಕ್ಕೆ ಮನೆಗೆ ಬಂದ.

ಜೀಪು ಹೋದ ಮೇಲೆ ನನ್ನ ಭಯವೆಲ್ಲ ಸಿಟ್ಟಾಗಿ ಮುದುಕಿಯ ಮೇಲೆ ತಿರುಗಿತು.

"ಇಲ್ಲಿ ಹಗೇವ ಐತಿ ಅಂತ ಮೊದಲ ಯಾಕ ಹೇಳ್ಲಿಲ್ಲ ಯವ್ವಾ?"

"ಜಾಗಾ ನನಗೆಲ್ಲಿ ಗೊತ್ತಿತ್ತ ತಂಗಿ? ನಾ ಈ ಮನಿಗೆ ಬರೂದ್ರಾಗ ಮುಚ್ಚಿತ್ತು. ಮ್ಯಾಲ ಗುರುತಿಗಂತ ಒಂದು ಕಲ್ಲ ಇಟ್ಟಿದ್ರಂತ. ಒಗ್ಯಾಕ ಛಲೋ ಐತಿ ಅಂತ ನಮ್ಮತ್ತಿ ಅದನ್ನ ಎತ್ತಿಸಿ ತಂದ್ಲು. ಜಾಗಾ ಆಕಿಗೆ ಗೊತ್ತಿತ್ತು. ಆಕಿ ಹೋದ್ಲು."

ನಾನು ತಿರುಗಿ ನೋಡಿದೆ. ಒಗೆಯುವ ಕಲ್ಲಿನ ಮೇಲೆ ನನ್ನ ಪಟ್ಟಿ ಇನ್ನೂ ಇತ್ತು. ಅದನ್ನೆತ್ತಿದರೆ, ಸಬಕಾರಕ್ಕೆ ಸವೆದ ಕಲ್ಲಿನಲ್ಲಿ ಯಾರೋ ಕೊರೆದಿದ್ದ ಚಕ್ರವೊಂದು ಮಸುಕಾಗಿ ಕಂಡಿತು. ಆ ಕಲ್ಲನ್ನು ಹಗೇವಿನ ಬಾಯಿಗೆ ಮುಚ್ಚಿಸಿ, ಬೇಗ ಒಳಗೆ ಗರಸು ಮಣ್ಣು ತುಂಬಿಸಿರೆಂದು ಹೇಳಿ ಬಂದೆ.

ಕಚೇರಿಗೆ ಮರಳಿ, ಪಟ್ಟಿಯಲ್ಲಿ ಬರೆದಿದ್ದ ಉತ್ತರ ಹೊಡೆದುಹಾಕಿದೆ. ತಂಡದ ಹಿರಿಯರಿಗೆ ಅದು ಸರಿಬರಲಿಲ್ಲ. "ಒಂದು ಹಗೇವಿಗೆ ಇಷ್ಟ್ಯಾಕ ಅಂಜ್ತೀರಿ ಮೇಡಂ?" ಎಂದರು.

"ಸಾವಿರಾರು ವರ್ಷದ ಮಾತು ಬಿಡ್ರಿ ಸರ. ಆ ಹಗೇವಿನ ಗುರುತು ಅತ್ತಿಯಿಂದ ಸೊಸಿತನಕಾನೂ ಬರಲಿಲ್ಲ" ಎಂದೆ.

ಎರಡು ತಿಂಗಳ ಮೇಲೆ ಮುದುಕಿಗೊಂದು ಸೀರೆ ಹಿಡಿದು ಆ ಮನೆಗೆ ಹೋದೆ. ಹಿತ್ತಲಲ್ಲಿ ಸೊಸೆ ಬಟ್ಟೆ ಒಗೆಯುತ್ತಿದ್ದಳು, ಅದೇ ಕಲ್ಲಿನ ಮೇಲೆ. ಹಗೇವಿನ ಬಾಯಿಗೆ ಒಂದು ಹಳೆಯ ತಗಡು ಮುಚ್ಚಿ, ಮೇಲೆ ಜೋಳದ ಸೊಪ್ಪೆ ಹರಡಿದ್ದರು.

"ಗರಸ ತುಂಬಸ್ರಿ ಅಂದಿದ್ನಲ್ಲ?" ಎಂದೆ.

"ಸುಗ್ಗಿ ಮುಗೀಲ್ರಿ ಅಕ್ಕಾರ. ಕಲ್ಲ ಇಲ್ಲಂದ್ರ ಬಟ್ಟಿ ಎಲ್ಲಿ ಒಗೀಲ್ರಿ? ಅಂಜಬ್ಯಾಡ್ರಿ, ಈಗ ಎಲ್ಲಾರಿಗೂ ಗೊತ್ತೈತಲ್ಲ."

ಹೊಸದಾಗಿ ಅಂಬೆಗಾಲಿಡಲು ಕಲಿತಿದ್ದ ಕೂಸು ಸೊಪ್ಪೆಯ ಕಡೆಗೆ ಹೊರಟಿತ್ತು. ಓಡಿಹೋಗಿ ಎತ್ತಿಕೊಂಡೆ. ನಾನೇ ದುಡ್ಡು ಕೊಟ್ಟು ಹೇಳಿಕಳಿಸಿದ ಟ್ರ್ಯಾಕ್ಟರ್ ಬಂದು ಗರಸು ಸುರಿಯುವ ತನಕ ಕೂಸನ್ನು ಕೆಳಗಿಳಿಸಲಿಲ್ಲ.