ಪಿಸು ಅಕ್ಕನ ಗುಡುಗು ಕಾರು

ಆಸ್ಪತ್ರೆಯಲ್ಲಿ ಎಲ್ಲರೂ ಆಕೆಯನ್ನು ಪಿಸು ಅಕ್ಕ ಎಂದೇ ಕರೆಯುತ್ತಿದ್ದರು. ಕಿವಿ ಸರಿಯಾಗಿ ಕೇಳಿಸದವರನ್ನು ಪರೀಕ್ಷೆ ಮಾಡುವುದು ಆಕೆಯ ಕೆಲಸ. ಆದರೆ ಆಕೆಯ ಮಾತೋ, ಪಕ್ಕದ ಕುರ್ಚಿಯವರಿಗೂ ಮುಟ್ಟದಷ್ಟು ಮೆತ್ತಗೆ. "ನನ್ನ ಕಿವಿ ಸರಿಯಾಗೇ ಇದೆ ಅಂತ ಈಗ ಗೊತ್ತಾಯ್ತು. ನಿಮ್ಮ ಜೊತೆ ಮಾತಾಡ್ತಾ ಇದ್ದಾಗ ಪೂರ್ತಿ ಕೆಪ್ಪ ಆಗ್ಬಿಟ್ಟೆ ಅಂತ ಹೆದರಿದ್ದೆ" ಎಂದು ಒಬ್ಬ ರೋಗಿ ಹೇಳಿದ ಮಾತು ಇಡೀ ಮಹಡಿಯವರ ಬಾಯಲ್ಲಿ ಹರಿದಾಡಿತ್ತು.

ಅವಳ ಕೆಲಸದ ಕೋಣೆಗೆ ಫ್ರಿಜ್ಜಿನ ಬಾಗಿಲಿನಂಥ ದಪ್ಪ ಬಾಗಿಲು. ಒಳಗೆ ನಾಲ್ಕೂ ಗೋಡೆಗೆ ಸ್ಪಂಜು. ರೋಗಿ ಅಲ್ಲಿ ಹೆಡ್‌ಫೋನ್ ಹಾಕಿಕೊಂಡು, ಕೈಯಲ್ಲೊಂದು ಬಟನ್ ಹಿಡಿದು ಕೂರಬೇಕು. ಗಾಜಿನ ಈಚೆ ಪಿಸು ಅಕ್ಕ ಗುಂಡಿ ತಿರುಗಿಸಿ ಒಂದೊಂದೇ ಸದ್ದು ಕಳಿಸುತ್ತಾಳೆ, ಮೊದಲು ದೊಡ್ಡದು, ಆಮೇಲೆ ಸಣ್ಣದು, ಇನ್ನೂ ಸಣ್ಣದು. ಕೇಳಿಸಿದರೆ ಬಟನ್ ಒತ್ತಬೇಕು. ದಿನವಿಡೀ ಹೀಗೆ ಸದ್ದಿನ ಚೂರುಗಳನ್ನು ಹೆಕ್ಕುವ ಕೆಲಸ. ಮನೆಗೆ ಬಂದರೆ ಗಂಡನದು ಗಡಿಯಾರ ರಿಪೇರಿ. ಅವನೂ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಉಸಿರು ಬಿಗಿಹಿಡಿದು ಕೂರುವವನೇ. ಅವರ ಮನೆಗೆ ಬಂದ ನೆಂಟರು ತಮಗೇ ತಿಳಿಯದಂತೆ ದನಿ ತಗ್ಗಿಸಿಬಿಡುತ್ತಿದ್ದರು.

ಅಂಥ ಮನೆಯ ಮುಂದೆ ಒಂದು ಬೆಳಿಗ್ಗೆ ಅವಳ ಅಣ್ಣನ ಕಾರು ಬಂದು ನಿಂತಿತು.

ಅಣ್ಣನಿಗೆ ಮೊದಲಿಂದಲೂ ಕಾರಿನ ಹುಚ್ಚು. ರಜೆ ಬಂತೆಂದರೆ ರೇಸಿನ ಮೈದಾನಕ್ಕೆ ಓಟ. ಬೂದು ಬಣ್ಣದ, ನೆಲಕ್ಕೆ ಅಂಟಿದಂತಿದ್ದ ಆ ಎರಡು ಬಾಗಿಲಿನ ಕಾರನ್ನು ಮಗುವಿನಂತೆ ಸಾಕಿದ್ದ. ಈಗ ಸೊಂಟ ಕೈಕೊಟ್ಟಿತ್ತು. ಅಷ್ಟು ತಗ್ಗಿನ ಸೀಟಿನಲ್ಲಿ ಕೂರಲೇಬಾರದೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

"ಬೇರೆಯವರಿಗೆ ಕೊಟ್ರೆ ಯಾವುದೋ ಗೋಡೆಗೆ ಗುದ್ದಿಸ್ತಾರೆ. ನೀನಾದ್ರೆ ಹುಷಾರಾಗಿ ನೋಡ್ಕೋತೀಯ. ಹೇಗೂ ಬಸ್ಸಲ್ಲಿ ನೇತಾಡ್ಕೊಂಡು ಹೋಗ್ತೀಯಲ್ಲ" ಎಂದು ಕೀಲಿ ಕೈಗಿಟ್ಟ.

"ಇದು ಇಷ್ಟೊಂದು ಸದ್ದು ಮಾಡುತ್ತಲ್ಲಣ್ಣ" ಎಂದಳು ಪಿಸು ಅಕ್ಕ.

"ಇದು ಟರ್ಬೊ ಕಣೇ. ಹೊಗೆ ಹೊರಗೆ ಹೋಗೋ ದಾರೀಲಿ ಒಂದು ಪುಟ್ಟ ಚಕ್ರ ಇರುತ್ತೆ. ಹೊಗೆ ಅದನ್ನ ತಿರುಗಿಸುತ್ತೆ, ಅದು ಎಂಜಿನ್‌ಗೆ ಗಾಳಿ ತುರುಕುತ್ತೆ, ಆಗ ಶಕ್ತಿ ಬರುತ್ತೆ. ಆದ್ರೆ ಆ ಹಾಳು ಚಕ್ರ ಒಳ್ಳೊಳ್ಳೆ ಸದ್ದನ್ನೆಲ್ಲ ನುಂಗಿಬಿಡುತ್ತೆ. ಕಂಪನಿಯಿಂದ ಬಂದಾಗ ಇದು ಬೆಕ್ಕಿನ ಥರ ಇತ್ತು, ಪಾಪ. ಅದಕ್ಕೇ ನಾನು ಹಿಂದಿನ ಪೈಪು, ಸೈಲೆನ್ಸರು ಎಲ್ಲಾ ಬದಲಾಯಿಸಿ ದಪ್ಪದ್ದು ಹಾಕಿಸ್ದೆ."

"ಬೆಕ್ಕಿನ ಥರಾನೇ ಇದ್ದಿದ್ರೆ ಚೆನ್ನಾಗಿರ್ತಿರಲಿಲ್ವಾ?"

ಅಣ್ಣ ತನ್ನ ತಂಗಿ ಇವಳೇ ಹೌದೇ ಎಂಬಂತೆ ನೋಡಿದ.

ಮಾರನೆಯ ದಿನ ಅವಳು ಹೆದರುತ್ತಲೇ ಕಾರು ಹೊರಡಿಸಿದಳು. ನಿಂತಲ್ಲೇ ಗುಡುಗುಡು ಅನ್ನುತ್ತಿತ್ತು. ಆಕ್ಸಿಲರೇಟರಿಗೆ ಕಾಲಿಟ್ಟು ಒತ್ತಿದರೆ ಎಲ್ಲೋ ಒಳಗಿನಿಂದ ಸಣ್ಣ ಶಿಳ್ಳೆ, ಅದರ ಬೆನ್ನಿಗೇ ಗರ್ಜನೆ. ಕಾಲು ತೆಗೆದರೆ ಫುಸ್ಸೆಂದು ಗಾಳಿ ಬಿಟ್ಟು, ಹಿಂದಿನಿಂದ ಪಟಪಟ ಪಟಾರ್ ಎಂದು ಸಿಡಿಯುತ್ತಿತ್ತು. ಮೊದಲ ಸಲ ಸಿಡಿದಾಗ ಅವಳ ಜೀವ ಬಾಯಿಗೆ ಬಂತು. ರಸ್ತೆ ಬದಿಯ ದರ್ಜಿ ಕತ್ತರಿ ಕೆಳಗೆ ಹಾಕಿ ಎದ್ದು ನಿಂತ. ಅವಳು ಕಿಟಕಿ ಇಳಿಸಿ "ತಪ್ಪಾಯ್ತು, ಬೇಕಂತ ಮಾಡಿದ್ದಲ್ಲ" ಎಂದಳು. ಅದು ಅವನಿಗೆ ಕೇಳಿಸುವುದು ಸಾಧ್ಯವೇ ಇರಲಿಲ್ಲ.

ಒಂದು ವಾರದೊಳಗೆ ಬೀದಿಯೇ ಎರಡು ಪಕ್ಷವಾಯಿತು. ಕಾಲೇಜಿಗೆ ಹೋಗುವ ಹುಡುಗರು ಸೈಕಲ್ ನಿಲ್ಲಿಸಿ ಹೆಬ್ಬೆರಳು ಎತ್ತುತ್ತಿದ್ದರು, "ಇನ್ನೊಂದ್ಸಲ, ಆಂಟಿ!" ಎಂದು ಕೂಗುತ್ತಿದ್ದರು. ಮಹಡಿ ಮೇಲಿನ ಹೆಂಗಸು ಕಿಟಕಿಯನ್ನು ಪಟ್ಟೆಂದು ಮುಚ್ಚಿ, ಮುಚ್ಚಿದ್ದು ಗೊತ್ತಾಗಲೆಂದು ಮತ್ತೆ ತೆಗೆದು ಮುಚ್ಚುತ್ತಿದ್ದಳು. ನಾಯಿಗಳಂತೂ ಮೂಲೆಯವರೆಗೆ ಬಂದು ಬೀಳ್ಕೊಡುತ್ತಿದ್ದವು.

"ಎಲ್ಲರೂ ನನ್ನನ್ನೇ ದುರುಗುಟ್ಟಿ ನೋಡ್ತಾರೆ" ಎಂದು ಗಂಡ ಗೋಳಾಡಿದ. "ಕಾರು ಓಡಿಸೋದು ನಾನೇ ಅಂದ್ಕೊಂಡಿದಾರೆ. ಅಲ್ಲ, ನನ್ನ ಹೆಂಡ್ತಿ ಅಂದ್ರೆ ಒಬ್ಬರೂ ನಂಬಲ್ಲ ಕಣೇ!"

ಅವಳಿಗೂ ಮುಜುಗರವೇ. ಜೋರು ಸದ್ದು ಕಿವಿಗೆ ಹಾಳೆಂದು ಊರಿಗೆಲ್ಲ ಉಪದೇಶ ಮಾಡುವವಳು ತಾನು. ಆದರೂ ಒಂದು ವಿಷಯವನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಆಸ್ಪತ್ರೆಯ ಹಿಂದಿನ ಅಗಲ ರಸ್ತೆಯಲ್ಲಿ ಯಾರೂ ಇಲ್ಲದಾಗ ಅವಳು ಸುಮ್ಮಸುಮ್ಮನೆ ಕಾಲು ಒತ್ತಿ ತೆಗೆಯುತ್ತಿದ್ದಳು. ಶಿಳ್ಳೆ, ಗರ್ಜನೆ, ಫುಸ್, ಪಟಾರ್. ಒಂದು ಸಂಜೆ ಆ ಸದ್ದಿನ ನಡುವೆ ಇನ್ನೊಂದು ಸದ್ದೂ ಕೇಳಿತು. ತಾನೇ ಬಾಯಿಬಿಟ್ಟು ನಗುತ್ತಿದ್ದೇನೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಎದುರು ಮನೆಯಲ್ಲಿ ನಿವೃತ್ತ ಸ್ಟೇಷನ್ ಮಾಸ್ಟರ್ ಒಬ್ಬರಿದ್ದರು. ಮಗ, ಸೊಸೆ, ಕೈಗೂಸು. ಮಗ ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಮಾಸ್ಟರ್ ಹೆಚ್ಚು ಮಾತಿನವರಲ್ಲ. ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತಾ ಕೂರುವುದು ಅವರ ರೂಢಿ. ಕಾರು ಬಂದ ಮೇಲೆ ಅವರು ಕೂರುವುದರ ಬದಲು ಎದ್ದು ನಿಲ್ಲತೊಡಗಿದರು. ಇಸ್ತ್ರಿ ಮಾಡಿದ ಅಂಗಿ, ಬೆನ್ನು ನೆಟ್ಟಗೆ, ಗಾಡಿಯನ್ನು ಬರಮಾಡಿಕೊಳ್ಳುವ ಹಾಗೆ.

"ಬಂದ್ಯೇನಮ್ಮಾ? ನೀನು ಆ ತಿರುವಿನಲ್ಲಿ ಇರುವಾಗ್ಲೇ ನನಗೆ ಗೊತ್ತಾಗುತ್ತೆ!" ಎಂದರು ಒಂದು ದಿನ.

ಅಷ್ಟರಲ್ಲಿ ಸೊಸೆ ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು. "ಅಕ್ಕಾ, ಈಗ ತಾನೇ ಮಲಗಿಸಿದ್ದೆ. ದಿನಾ ಹೀಗಾದ್ರೆ ನಾನೇನು ಮಾಡ್ಲಿ?" ಎಂದವಳು, ಮಾವನ ಕಡೆ ತಿರುಗಿ, "ಮಾವ, ಚಹಾ ಆರ್ತಾ ಇದೆ, ಬನ್ನಿ ಅಂತ ಎಷ್ಟು ಸಲ ಕರೀಲಿ?" ಎಂದಳು. ಮಾಸ್ಟರ್ ಕಾರನ್ನೇ ನೋಡುತ್ತಿದ್ದರು. ಸೊಸೆ ತುಟಿ ಕಚ್ಚಿಕೊಂಡು ಅವರ ಮುಂದೆಯೇ ಹಾದು ಒಳಗೆ ಹೋದಳು.

ಮಾಸ್ಟರ್ ಪಿಸು ಅಕ್ಕನ ಹತ್ತಿರ ಬಂದು, "ನೋಡಿದ್ಯಾ? ಬಾಯೊಳಗೇ ಗೊಣಗ್ತಾಳೆ. ಒಳ್ಳೆ ಹುಡುಗಿ, ಆದ್ರೆ ನಾನು ಅಂದ್ರೆ ಅವಳಿಗೆ ಆಗಲ್ಲ" ಎಂದರು.

ಪಿಸು ಅಕ್ಕ ಅವರ ಮುಖವನ್ನೇ ನೋಡಿದಳು. ಅಳುವ ಮಗು ಅವರ ಕಿವಿಯ ಪಕ್ಕದಲ್ಲೇ ಇತ್ತು; ಅವರು ಒಮ್ಮೆಯೂ ತಿರುಗಿರಲಿಲ್ಲ. ಬೀದಿಯ ಕೊನೆಯ ಕಾರು ಕೇಳಿಸುತ್ತದೆ, ಬೆನ್ನ ಹಿಂದಿನ ಸೊಸೆ ಕೇಳಿಸುವುದಿಲ್ಲ. ಇಂಥವರನ್ನು ಅವಳು ದಿನವೂ ನೋಡುತ್ತಾಳೆ. ಇಷ್ಟು ದಿನ ಇವರನ್ನು ಗಮನಿಸಲಿಲ್ಲವಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ತನ್ನ ಮಾತು ಹೇಗೂ ಯಾರಿಗೂ ಕೇಳಿಸುವುದಿಲ್ಲವಾದ್ದರಿಂದ, ಇವರಿಗೂ ಕೇಳಿಸದಿದ್ದುದು ವಿಶೇಷ ಅನ್ನಿಸಿರಲಿಲ್ಲ.

ಅವಳು ಎದುರಿಗೆ ನಿಂತು, ತುಟಿ ಕಾಣುವಂತೆ ನಿಧಾನವಾಗಿ ಕೇಳಿದಳು: "ಮಾಸ್ಟ್ರೇ, ನಾಳೆ ಬೆಳಿಗ್ಗೆ ಕಾರಲ್ಲಿ ಒಂದು ಸುತ್ತು ಬರ್ತೀರಾ?"

ಬೆಳಿಗ್ಗೆ ಅವರು ಶೂಗೆ ಪಾಲಿಶ್ ಹಾಕಿಕೊಂಡು ಸಿದ್ಧರಾಗಿದ್ದರು. ಅಗಲ ರಸ್ತೆ ಸಿಕ್ಕಿದ್ದೇ ಅವಳು ಕಾಲು ಒತ್ತಿದಳು. ಮಾಸ್ಟರ್ ಸೀಟಿಗೆ ಒತ್ತಿಕೊಂಡು, ಎದೆಯ ಮೇಲೆ ಕೈ ಇಟ್ಟು, "ಆಹಾ! ಇಲ್ಲಿ ಕೇಳುತ್ತೆ ನೋಡು, ಇಲ್ಲಿ!" ಎಂದರು. ಆದರೆ ಕಾರು ಆಸ್ಪತ್ರೆಯ ಗೇಟಿನೊಳಗೆ ತಿರುಗಿದಾಗ ಅವರ ಮುಖ ಗಂಟಿಕ್ಕಿತು.

"ಇದು ಮೋಸ. ನನ್ನ ಕಿವಿಗೆ ಏನೂ ಆಗಿಲ್ಲ."

"ಆಗಿಲ್ಲ ಅಂದ್ರೆ ಪರೀಕ್ಷೇಲಿ ಗೊತ್ತಾಗುತ್ತೆ. ಪರೀಕ್ಷೆ ಬೇಡ ಅಂದ್ರೆ ಹೇಳಿ, ಮನೆಗೆ ನಡ್ಕೊಂಡು ಹೋಗಿ."

ಆ ಮೆತ್ತನೆಯ ಹೆಂಗಸು ತಮ್ಮ ಕಡೆ ತಿರುಗಿ ಹಾಗೆ ಹೇಳಿಯಾಳೆಂದು ಅವರು ಎಣಿಸಿರಲಿಲ್ಲ. ಗೊಣಗುತ್ತಾ ಇಳಿದರು.

ಸ್ಪಂಜಿನ ಕೋಣೆಯಲ್ಲಿ ಅವರು ಪರೀಕ್ಷೆಗೆ ಕೂತ ಜಾಣ ಹುಡುಗನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು. ದಪ್ಪ ಸದ್ದುಗಳು ಹೋದವು. ಪ್ರತಿಯೊಂದಕ್ಕೂ ಟಕ್ಕೆಂದು ಬಟನ್ ಒತ್ತಿ, ಗಾಜಿನಾಚೆ ಹುಬ್ಬು ಹಾರಿಸಿದರು. ಪಿಸು ಅಕ್ಕ ತೆಳು ಸದ್ದುಗಳಿಗೆ ಬಂದಳು. ಬಟನ್ ಸುಮ್ಮನಾಯಿತು. ಸದ್ದು ಏರಿಸಿದಳು. ಇನ್ನೂ ಏರಿಸಿದಳು. ಮಾಸ್ಟರ್ ತಾಳ್ಮೆಯಿಂದ ಕಾದು ಕಾದು, ಕೊನೆಗೆ ಕೈ ಎತ್ತಿ, "ಶುರು ಮಾಡಮ್ಮ, ನಾನು ರೆಡಿ" ಎಂದರು.

ಅವಳು ಬಾಗಿಲು ತೆರೆದು ಒಳಗೆ ಹೋಗಿ ಅವರೆದುರು ಕೂತಳು. ಅವಳು ತಂದ ಪರೀಕ್ಷೆಯ ಕಾಗದದ ಮೇಲಿನ ಗೆರೆ ಎಡಗಡೆ ಚೆನ್ನಾಗಿ ಸಾಗಿ ಬಲಗಡೆ ದಡಕ್ಕನೆ ಕೆಳಗೆ ಬಿದ್ದಿತ್ತು.

"ಈ ಕಡೆ ದಪ್ಪ ಸದ್ದು. ನನ್ನ ಕಾರು ಇಲ್ಲಿದೆ, ಅದಕ್ಕೇ ನಿಮಗೆ ಅಷ್ಟು ದೂರದಿಂದ ಕೇಳುತ್ತೆ. ಈ ಕಡೆ ತೆಳು ಸದ್ದು. ನಿಮ್ಮ ಸೊಸೆಯ ಮಾತು ಈ ಕಡೆಗಿದೆ."

ಅವರು ಗೆರೆಯ ಮೇಲೆ ಬೆರಳಾಡಿಸಿದರು. "ಹಾಗಾದ್ರೆ ಅವಳು ಗೊಣಗ್ತಾ ಇರ್ಲಿಲ್ವಾ?"

"ಇಲ್ಲ. ಜೋರಾಗೇ ಕರೀತಾಳೆ. ನೀವು ಕೇಳಿಯೂ ಕೇಳದ ಹಾಗೆ ಇರ್ತೀರಿ ಅಂದ್ಕೊಂಡಿದಾಳೆ."

ಮಾಸ್ಟರ್ ಕಾಗದವನ್ನು ನಿಧಾನವಾಗಿ ಮಡಿಚಿದರು. ಆಮೇಲೆ, "ಮಗು ನಗುತ್ತೆ ಅಂತಾರೆ. ನಾನು, ಅದು ಸುಮ್ನೆ ಬಾಯಿ ತೆಗೆಯುತ್ತೆ ಅಂದ್ಕೊಂಡಿದ್ದೆ" ಎಂದರು.

ಕಿವಿಗೆ ಮಿಷನ್ ಬಂತು. ಮೊದಮೊದಲು ಅದನ್ನು ಕಿತ್ತು ಮೇಜಿನ ಮೇಲಿಟ್ಟು, "ತಟ್ಟೆ ಲೋಟ ಎಲ್ಲಾ ಜಗಳ ಆಡ್ತಾವೆ" ಎಂದು ಬೈದರು. ಪಿಸು ಅಕ್ಕ ದಿನವೂ ಸಂಜೆ ಹೋಗಿ ಸ್ವಲ್ಪ ಸ್ವಲ್ಪವೇ ಹೊಂದಿಸಿ ಕೊಟ್ಟಳು. ಒಂದು ದಿನ ಸೊಸೆ ಅಡುಗೆಮನೆಯಲ್ಲಿ ತನ್ನಷ್ಟಕ್ಕೆ "ಅಯ್ಯೋ, ಉಪ್ಪು ಮುಗೀತು" ಅಂದುಕೊಂಡಳಂತೆ. ಸ್ವಲ್ಪ ಹೊತ್ತಿಗೆ ಮಾವ ಅಂಗಡಿಯಿಂದ ಉಪ್ಪಿನ ಪೊಟ್ಟಣ ತಂದು ಮುಂದಿಟ್ಟರಂತೆ. "ನನಗೆ ಅಳು ಬಂತೋ ನಗು ಬಂತೋ ಗೊತ್ತಾಗ್ಲಿಲ್ಲ ಅಕ್ಕಾ. ಇನ್ಮೇಲೆ ಅವರ ಬಗ್ಗೆ ಗೊಣಗೋ ಹಾಗೂ ಇಲ್ಲ" ಎಂದು ಅವಳೇ ಬಂದು ಹೇಳಿದಳು.

ಎಲ್ಲ ಸರಿಯಾಯಿತು ಅನ್ನುವಷ್ಟರಲ್ಲಿ ಒಂದು ಸಂಜೆ ಪಿಸು ಅಕ್ಕ ಎಂದಿನಂತೆ ಕಾರು ತಂದು ನಿಲ್ಲಿಸಿದಳು. ಕಾಲು ತೆಗೆದಳು, ಪಟಪಟ ಪಟಾರ್. ಮೊದಲ ಸಲ ಮಿಷನ್ ಹಾಕಿಕೊಂಡೇ ಗೇಟಿನಲ್ಲಿ ನಿಂತಿದ್ದ ಮಾಸ್ಟರ್ ಎರಡೂ ಕಿವಿ ಮುಚ್ಚಿಕೊಂಡು ಒಂದು ಹೆಜ್ಜೆ ಹಿಂದೆ ಹಾರಿದರು.

"ಏನಮ್ಮಾ ಇದು! ಇದು ಮೊದಲಿಂದ್ಲೂ ಇಷ್ಟು ಸದ್ದು ಮಾಡ್ತಿತ್ತಾ?"

"ಹೌದು ಮಾಸ್ಟ್ರೇ."

"ದಿನಾನೂ?"

"ದಿನಾನೂ."

ಅವರು ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಮನೆಗಳನ್ನೆಲ್ಲ ನೋಡಿ, "ಈ ಬೀದಿಯವರು ದೇವರಂಥ ಜನ ಕಣಮ್ಮ!" ಎಂದರು. ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಹಡಿಯ ಹೆಂಗಸು ಕಿಟಕಿ ತೆಗೆದು ನಕ್ಕಳು, ಮುಚ್ಚಲಿಲ್ಲ. ಪಿಸು ಅಕ್ಕನ ಮುಖ ಕೆಂಪಾಯಿತು, ಆದರೆ ನಗು ತಡೆಯಲಾಗಲಿಲ್ಲ.

ಆ ವಾರವೇ ಅವಳು ಅಣ್ಣನನ್ನು ಕರೆದುಕೊಂಡು ಸೈಲೆನ್ಸರ್ ಕೆಲಸದವನ ಬಳಿ ಹೋದಳು. ಕಂಪನಿಯ ಹಳೆಯ ಸೈಲೆನ್ಸರ್ ವಾಪಸ್ ಹಾಕಿಸುತ್ತೇನೆ ಎಂದಾಗ ಅಣ್ಣನ ಮುಖ ಸಾವಿನ ಮನೆಯ ಮುಖವಾಯಿತು. ಕೆಲಸದವನು ಇಬ್ಬರ ಮುಖವನ್ನೂ ನೋಡಿ, "ಅಕ್ಕಾ, ಎರಡೂ ಇರಲಿ. ಮಧ್ಯೆ ಒಂದು ಮುಚ್ಚಳ ಕೂರಿಸ್ತೀನಿ, ಸೀಟಿನ ಹತ್ರ ಅದಕ್ಕೊಂದು ಗುಂಡಿ. ಮುಚ್ಚಿದ್ರೆ ಹೊಗೆ ಹಳೇ ಸೈಲೆನ್ಸರ್ ಒಳಗೆ ಹೋಗುತ್ತೆ. ತೆಗೆದ್ರೆ ನಿಮ್ಮ ಅಣ್ಣನ ಪೈಪಲ್ಲಿ ಹೋಗುತ್ತೆ" ಎಂದ. ರಸ್ತೆಯಲ್ಲಿ ಮುಚ್ಚಳ ತೆಗೆಯುವುದಿಲ್ಲ, ರೇಸಿನ ಮೈದಾನದಲ್ಲಿ ಮಾತ್ರ ಎಂದು ಪಿಸು ಅಕ್ಕ ಷರತ್ತು ಹಾಕಿದಳು. ಅಣ್ಣ ಒಪ್ಪಿದ. ಮಾರನೆಯ ಸಂಜೆ ಕಾರು ಬೆಕ್ಕಿನಂತೆ ಬೀದಿಗೆ ಬಂತು. ಎದುರು ಮನೆಯ ಕೂಸು ಮಲಗಿಯೇ ಇತ್ತು. ಸೈಕಲ್ ಹುಡುಗರು ಮಾತ್ರ "ಏನಾಯ್ತು ಆಂಟಿ, ಹುಷಾರಿಲ್ವಾ?" ಎಂದು ಕೇಳಿದರು.

ಈಗ ಆಗಾಗ ಭಾನುವಾರ ಅವಳು ಊರಾಚೆಯ ಆ ಮೈದಾನಕ್ಕೆ ಹೋಗುತ್ತಾಳೆ. ಅಲ್ಲಿ ಸಾಮಾನ್ಯ ಜನರೂ ಕಾರು ಓಡಿಸಬಹುದು. ಗಂಡ ಬೇಲಿಯ ಈಚೆ ಕೊಡೆ ಹಿಡಿದು, "ನನ್ನ ಹೆಂಡ್ತಿ ಓಡಿಸ್ತಿರೋದು" ಎಂದು ಕೇಳದಿದ್ದವರಿಗೂ ಹೇಳುತ್ತಾನೆ. ಅಣ್ಣನ ಕಿವಿಗೆ ಅವಳೇ ಸದ್ದು ತಡೆಯುವ ಹತ್ತಿಯಂಥ ಬಿರಡೆ ಸಿಕ್ಕಿಸುತ್ತಾಳೆ. ಅವನು ತೆಗೆದರೆ ಬೈಯುತ್ತಾಳೆ, ಅದೂ ಪಿಸುದನಿಯಲ್ಲೇ. ಸ್ಟೇಷನ್ ಮಾಸ್ಟರ್ ಕೂಡ ಬರುತ್ತಾರೆ. ಅವಳ ಪಕ್ಕದ ಸೀಟಿನಲ್ಲಿ ಕೂತು, ಬೆಲ್ಟ್ ಬಿಗಿದು, ಕಿವಿಯ ಮಿಷನ್‌ಗಳನ್ನು ಜೋಪಾನವಾಗಿ ಬಿಚ್ಚಿ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕುತ್ತಾರೆ. ಅವಳು ಕೊಟ್ಟ ಬಿರಡೆಯನ್ನೂ ಮರುಮಾತಿಲ್ಲದೆ ಸಿಕ್ಕಿಸಿಕೊಳ್ಳುತ್ತಾರೆ.

"ಹ್ಞೂಂ, ಈಗ ಬಿಡಮ್ಮ ಗಾಡಿ" ಎನ್ನುತ್ತಾರೆ ಎದೆಯ ಮೇಲೆ ಕೈ ಇಟ್ಟುಕೊಂಡು.

ಅವಳು ಸೈಲೆನ್ಸರಿನ ಮುಚ್ಚಳ ತೆಗೆಯುವ ಗುಂಡಿ ಒತ್ತಿ ಗಾಡಿ ಬಿಡುತ್ತಾಳೆ.